ಆನೇಕಲ್ಲಿನ ಸಂಜೆ

ಹಗಲು ಅತ್ಯಂತ ಕಿರಿದಾಗುವ ಡಿಸೆಂಬರ್ 21ರ ಸುಮಾರಿಗೇ ಹೊತ್ತೂ ಅತ್ಯಂತ ಬೇಗ ಮುಳುಗುವುದೆಂದು ಶ್ರೋತೃಗಳು ಭಾವಿಸಿರಬಹುದು. ಆನೇಕಲ್ಲಿನಲ್ಲಿ ಹಾಗಲ್ಲ. ಅಲ್ಲಿ ನವೆಂಬರ್ ಮೂರನೆಯ ವಾರದಲ್ಲಿಯೇ ಸೂರ್ಯನು ಸುಮಾರು 5 ಘಂಟೆ 50 ನಿಮಿಷಕ್ಕೆ ಅಸ್ತಮಿಸುವನು. ಡಿಸೆಂಬರ್ 21ರ ವೇಳೆಗೆ ಏಳೆಂಟು ನಿಮಿಷ ತಡಮಾಡುವನು.

ಆ ದಿನಗಳಲ್ಲಿ ಒಂದು ನಡುಹಗಲಿನಿಂದ ಮರುದಿನದ ನಡುಹಗಲಿಗೆ 24 ಘಂಟೆಗಳ ಮೇಲೆ 15ರಿಂದ 30 ಸೆಕೆಂಡುಗಳು ಹೆಚ್ಚು ಹಿಡಿಯುತ್ತವೆ. ಗಡಿಯಾರವೋ ಇದನ್ನು ಗಣಿಸದು. ಹೀಗೆ ನಡುಹಗಲೇ ದಿನದಿನಕ್ಕೆ ತಡವಾಗುವುದರಿಂದ, ಹಗಲು ಕುಗ್ಗುತ್ತಿದ್ದರೂ ಸಂಜೆ ತಡವಾಗುತ್ತದೆ. ಸಮಭಾಜಕಕ್ಕೆ ಸಮೀಪವಾದ ನಮ್ಮಲ್ಲಿ ಹಗಲು ಕುಗ್ಗುವುದು ಅಲ್ಪವಷ್ಟೆ.

ಸೂರ್ಯ ಮುಳುಗಿದ ಮೇಲೆ ದಾರಿ ಕಾಣುವಷ್ಟು ಬೆಳಕುಳಿಯುವುದು ಸುಮಾರು 22 ನಿಮಿಷ. ಬನ್ನೇರುಘಟ್ಟದ ಕಾಡಂಚಿನ ಹಳ್ಳಿಗಳಿಗೆ ನಡೆದು ಹಿಂದಿರುಗುವವರಿಗೆ ಇದು ಬರಿಯ ಲೆಕ್ಕವಲ್ಲ: ರಾಗಿ ಬಲಿತು ಆನೆಗಳು ಹೊಲಕ್ಕಿಳಿಯುವ ಕಾಲವೂ ಆ ನವೆಂಬರೇ.