ಹೆಳವರ ಹೊತ್ತಗೆಯೂ ಜೀವಕೋಶದ ಲಿಪಿಯೂ

ಸುಗ್ಗಿ ಮುಗಿದು ಕಣಗಳು ಬರಿದಾಗುವ ಹೊತ್ತಿಗೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುವುದು ಬಹುಕಾಲದಿಂದ ನಡೆದುಬಂದ ರೂಢಿ. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುವ ಹೆಳವನು ಮನೆಯ ಮುಂದೆ ನಿಂತು ಯಜಮಾನನ ತಂದೆ, ಅಜ್ಜ, ಮುತ್ತಜ್ಜ, ಅವರಿಗೂ ಹಿಂದಿನವರ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗುತ್ತಾನೆ. ಮನೆತನದ ಬೆಡಗು ಯಾವುದು, ಮೂಲಪುರುಷನು ಯಾವ ಊರನ್ನು ಬಿಟ್ಟು ಬಂದನು, ಅಣ್ಣತಮ್ಮಂದಿರು ಎಲ್ಲಿ ಬೇರೆಯಾದರು ಎಂಬುದೆಲ್ಲ ಆ ಹೇಳಿಕೆಯಲ್ಲಿ ಬರುತ್ತದೆ. ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರನ್ನು ಕೇಳಿ ಬರೆದುಕೊಳ್ಳುತ್ತಾನೆ. ಕಾಳು, ಬಟ್ಟೆ, ಹಣ, ಉಳ್ಳವರ ಮನೆಯಲ್ಲಿ ಒಮ್ಮೊಮ್ಮೆ ದನಕರು, ಇವು ಅವನಿಗೆ ಸಲ್ಲುವ ಕಾಣಿಕೆ. ತಾಮ್ರಪಟ, ತಾಳೆಗರಿಗಳಿಂದ ಕಾಗದದ ಪುಸ್ತಕಕ್ಕೆ ಬಂದ ಈ ವೃತ್ತಿಯಲ್ಲಿ ಈಗ ಎತ್ತಿನ ಬದಲು ಮೋಟಾರು ಸೈಕಲ್ಲನ್ನು ಏರಿದವರೂ ಉಂಟು.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಂದ ಓದಲು ಹೊರಟು ಬೆಂಗಳೂರನ್ನೋ ಹೊರದೇಶವನ್ನೋ ಸೇರಿದ ತರುಣರ ಮುಂದೆ ಇಂದು ಇನ್ನೊಂದು ಬಗೆಯ ಹೆಳವನು ಬಂದು ನಿಂತಿದ್ದಾನೆ. ಒಂದು ಸಣ್ಣ ನಳಿಗೆಯಲ್ಲಿ ಎಂಜಲನ್ನು ತುಂಬಿ ಅಂಚೆಯಲ್ಲಿ ಕಳುಹಿಸಿದರೆ ಸಾಕು, ನಿಮ್ಮ ಪೂರ್ವಜರು ಯಾರೆಂಬುದನ್ನು ಡಿ.ಎನ್.ಎ. ಪರೀಕ್ಷೆಯಿಂದ ತಿಳಿಸುತ್ತೇವೆ ಎನ್ನುವ ವಾಣಿಜ್ಯ ಸಂಸ್ಥೆಗಳಿವೆ. ಈ ಇಬ್ಬರು ಹೆಳವರಲ್ಲಿ ಯಾರು ಏನನ್ನು ಬಲ್ಲರು? ಒಬ್ಬನಿಗೆ ತಿಳಿಯದುದನ್ನು ಇನ್ನೊಬ್ಬನು ಹೇಳಬಲ್ಲನೆ? ಇಬ್ಬರಿಗೂ ಕಾಣದೆ ಉಳಿದವರು ಯಾರು? ಇದನ್ನು ನಾವಿಲ್ಲಿ ಪರಿಶೀಲಿಸೋಣ.

ಮೊದಲು ಬರಹದ ಸಾಕ್ಷ್ಯವನ್ನು ನೋಡೋಣ. ಹಾನಗಲ್ಲಿನಿಂದ ಆಳಿದ ಕದಂಬರು ತಮ್ಮ ವಂಶವನ್ನು ಬನವಾಸಿಯ ಮಯೂರವರ್ಮನವರೆಗೆ ಒಯ್ದು ಶಾಸನಗಳಲ್ಲಿ ಕೊರೆಯಿಸಿದರು. ಅಲ್ಲಿಯ ವೀರಗಲ್ಲುಗಳಲ್ಲಿ ಕಾಳಗದಲ್ಲಿ ಮಡಿದ ಸಾಮಾನ್ಯ ಯೋಧರ ನೆನಪೂ ಉಳಿದಿದೆ. ಆದರೆ ಆ ಕಲ್ಲಿನ ಹೆಸರಿಗೂ ಇಂದಿನ ಒಂದು ಮನೆಗೂ ನಡುವಣ ಕೊಂಡಿಗಳು ಕಳಚಿಹೋಗಿವೆ. ಸಾಮಾನ್ಯ ಕುಟುಂಬಕ್ಕೆ ನಿಜವಾಗಿ ನೆರವಾಗುವುದು ಭೂಮಿಯ ಕಾಗದಗಳು. ಮುಂಬಯಿ ಸರಕಾರವು 19ನೆಯ ಶತಮಾನದಲ್ಲಿ ನಡೆಯಿಸಿದ ಮೋಜಣಿ, ಗೌಡಕಿ ಕುಲಕರ್ಣಿಕೆಯ ವತನಗಳಿಗಾಗಿ ಸಲ್ಲಿಸಿದ ವಂಶಾವಳಿಗಳು, ವಾರಸಾ ನೋಂದಣಿಗಳು, ಶಾಲೆಯ ದಾಖಲಾತಿ ಪುಸ್ತಕಗಳು, ಇವುಗಳಲ್ಲಿ ನಾಲ್ಕೈದು ತಲೆಮಾರು ದೊರೆಯುವುದುಂಟು. ಹುಡುಕುವವರಿಗೆ ಒಂದು ಎಚ್ಚರಿಕೆ: ಹಳೆಯ ದಪ್ತರಗಳಲ್ಲಿ ಹಿರೇಕೆರೂರು ತಾಲ್ಲೂಕೆಂಬ ಹೆಸರು ಕಾಣಿಸದು. ಅದು ‘ಕೋಡ’ ತಾಲ್ಲೂಕು. ಹಿರೇಕೆರೂರು ಅದರ ಮುಖ್ಯಸ್ಥಳ. ಹಾಗೆಯೇ ಶಿಗ್ಗಾಂವಿಯು ‘ಬಂಕಾಪುರ’ ತಾಲ್ಲೂಕಿನ ಮುಖ್ಯಸ್ಥಳವಾಗಿತ್ತು. ಸವಣೂರು 1948ರವರೆಗೂ ನವಾಬರ ಪ್ರತ್ಯೇಕ ಸಂಸ್ಥಾನ. ಇವೆಲ್ಲ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಗೆ ಸೇರಿದುದು 1997ರಲ್ಲಿ. ಮರಾಠರ ಕಾಲದ ಕಾಗದಗಳು ಮೋಡಿ ಲಿಪಿಯಲ್ಲಿರುವುದರಿಂದ ಓದಿಸಿಕೊಳ್ಳಲು ಬಲ್ಲವರನ್ನು ಹುಡುಕಬೇಕು.

ಅಡ್ಡಹೆಸರನ್ನು ನಂಬಿ ನಡೆಯುವವರು ದಾರಿ ತಪ್ಪುವುದೇ ಹೆಚ್ಚು. ಊರಿನ ಹೆಸರು ಅಂಟಿಕೊಳ್ಳುವುದು ಸಾಮಾನ್ಯವಾಗಿ ಊರನ್ನು ಬಿಟ್ಟ ಮೇಲೆ. ಹಾನಗಲ್ಲಿನಲ್ಲಿಯೇ ಇದ್ದವನನ್ನು ‘ಹಾನಗಲ್ಲ’ ಎಂದು ಕರೆದರೆ ಗುರುತು ಸಿಕ್ಕೀತೆ? ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಹುಟ್ಟಿದುದು ಧಾರವಾಡದಲ್ಲಿ, ಬಾಳಿದುದು ಹುಬ್ಬಳ್ಳಿಯಲ್ಲಿ. ಹಾನಗಲ್ಲ ಕುಮಾರಸ್ವಾಮಿಗಳ ಹೆಸರಿನಲ್ಲಿರುವ ಊರಾದರೋ ಅವರ ಮಠದ ಊರು. ಒಂದೇ ಹೆಸರನ್ನು ಹೊತ್ತವರೆಲ್ಲ ಒಂದೇ ಬಳ್ಳಿಯ ಕುಡಿಗಳಲ್ಲವೆಂಬುದಕ್ಕೆ ಇಷ್ಟು ಸಾಕು.

ಇನ್ನು ದತ್ತಕದ ವಿಷಯ. ಮಕ್ಕಳಿಲ್ಲದ ಮನೆತನವು ದತ್ತು ತೆಗೆದುಕೊಂಡ ಹುಡುಗನು ವಂಶಾವಳಿಯಲ್ಲಿ ಮಗನೆಂದೇ ಬರೆಯಲ್ಪಡುತ್ತಾನೆ. ಮನೆಅಳಿಯನು ಬಂದಲ್ಲಿ ವಂಶವು ಮಗಳಿಂದ ಮುಂದುವರಿಯುತ್ತದೆ. ಈ ನಾಡಿನ ಇತಿಹಾಸವೇ ದತ್ತಕದ ಮೇಲೆ ತಿರುಗಿದುದುಂಟು. 1824ರಲ್ಲಿ ಕಿತ್ತೂರಿನ ಯುದ್ಧಕ್ಕೆ ಕಾರಣವಾದುದು ದತ್ತುಪುತ್ರನನ್ನು ಕುಂಪಣಿ ಸರಕಾರವು ಒಪ್ಪದೆ ಹೋದುದು. ಹೆಳವನ ಹೊತ್ತಗೆಯಲ್ಲಿರುವುದು ಮನೆತನದ ಸಂಬಂಧ. ಪ್ರಯೋಗಶಾಲೆಯಲ್ಲಿ ಕಾಣುವುದು ದೇಹದ ಸಂಬಂಧ. ಎರಡೂ ತಾಳೆಯಾಗದಿದ್ದಾಗ ಹೊತ್ತಗೆ ಸುಳ್ಳೆಂದು ಸಾರುವುದು ಅವಿವೇಕವೆಂದೇ ನಮ್ಮ ಅಭಿಪ್ರಾಯ.

ಹಾಗಾದರೆ ದೇಹದ ಲಿಪಿಯನ್ನು ಓದುವುದು ಹೇಗೆ? ನಮ್ಮ ಜೀವಕೋಶದ ಕೇಂದ್ರದಲ್ಲಿ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಒಬ್ಬರಿಂದ ಬಂದ ಒಂದು ಪ್ರತಿಯಲ್ಲಿ ನಾಲ್ಕೇ ಅಕ್ಷರಗಳಿಂದ ಬರೆದ ಸುಮಾರು 300 ಕೋಟಿ ಅಕ್ಷರಗಳ ಡಿ.ಎನ್.ಎ. ಲಿಪಿಯಿದೆ. ಸಾಮಾನ್ಯ ವಂಶಪರೀಕ್ಷೆಯು ಇವೆಲ್ಲವನ್ನೂ ಓದುವುದಿಲ್ಲ. ಜನರಿಂದ ಜನರಿಗೆ ವ್ಯತ್ಯಾಸವಾಗುವ ಕೆಲವು ಲಕ್ಷ ಸ್ಥಾನಗಳನ್ನಷ್ಟೇ ಆರಿಸಿ ಓದುತ್ತದೆ. ಇಬ್ಬರ ಲಿಪಿಯಲ್ಲಿ ಉದ್ದನೆಯ ತುಣುಕುಗಳು ಅಕ್ಷರಶಃ ಒಂದೇ ಆಗಿದ್ದರೆ ಅವರಿಗೆ ಹತ್ತಿರದ ಪೂರ್ವಜನೊಬ್ಬನು ಇದ್ದಿರಬೇಕು. ತುಣುಕುಗಳು ಗಿಡ್ಡವಾದಷ್ಟೂ ಸಂಬಂಧವು ದೂರವಾದುದು.

ಲಿಪಿಯ ಎರಡು ಭಾಗಗಳು ಮಾತ್ರ ಬೆರಕೆಯಿಲ್ಲದೆ ಸಾಗುತ್ತವೆ. ವೈ ವರ್ಣತಂತು ತಂದೆಯಿಂದ ಮಗನಿಗೆ, ಅವನಿಂದ ಅವನ ಮಗನಿಗೆ ಹೋಗುತ್ತದೆ. ಕೋಶಕೇಂದ್ರದ ಹೊರಗಿರುವ ಮೈಟೊಕಾಂಡ್ರಿಯವೆಂಬ ಕಣದ ಡಿ.ಎನ್.ಎ. ತಾಯಿಯಿಂದ ಮಕ್ಕಳೆಲ್ಲರಿಗೂ ಬಂದರೂ ಮುಂದಕ್ಕೆ ಸಾಗಿಸುವವಳು ಮಗಳು ಮಾತ್ರ. ಅದರ ಉದ್ದ 16,569 ಅಕ್ಷರ ಜೋಡಿಗಳು. ಉಳಿದ ಲಿಪಿಯೆಲ್ಲ ಪ್ರತಿ ತಲೆಮಾರಿನಲ್ಲಿಯೂ ಇಸ್ಪೀಟಿನ ಎಲೆಗಳಂತೆ ಕಲಸಿಹೋಗುತ್ತದೆ.

ಇಲ್ಲಿ ಸ್ವಲ್ಪ ಗಣಿತ. ನಮಗೆ ತಂದೆತಾಯಿಗಳು 2, ಅಜ್ಜ ಅಜ್ಜಿಯರು 4, ಅವರ ಹಿಂದಿನವರು 8. ಹೀಗೆ ದ್ವಿಗುಣಿಸಿದರೆ ಹತ್ತನೆಯ ತಲೆಮಾರಿನಲ್ಲಿ 1,024 ಪೂರ್ವಜರು. ತಲೆಮಾರಿಗೆ 25 ವರ್ಷವೆಂದರೆ ಇದು ಹೈದರ ಅಲಿಯೂ ಮರಾಠರೂ ಸವಣೂರಿನ ಸೀಮೆಗಾಗಿ ಹೊಡೆದಾಡುತ್ತಿದ್ದ ಕಾಲ. ಹೆಳವನ ಹೊತ್ತಗೆಯಲ್ಲಿ ಆ ತಲೆಮಾರಿನ ಒಬ್ಬ ಪುರುಷನ ಹೆಸರಿದೆಯೆನ್ನೋಣ. ಉಳಿದ 1,023 ಜನರೂ ಅವನಷ್ಟೇ ನಮ್ಮ ಪೂರ್ವಜರು! ಡಿ.ಎನ್.ಎ.ಯಾದರೂ ಅವರೆಲ್ಲರನ್ನೂ ನೆನಪಿಟ್ಟಿದೆಯೆ? ಅದೂ ಇಲ್ಲ. ತಲೆಮಾರಿಂದ ತಲೆಮಾರಿಗೆ ತುಣುಕುಗಳಾಗಿ ಸಾಗುವಾಗ ಕೆಲವರ ಪಾಲು ಪೂರ್ತಿಯಾಗಿ ಉದುರಿಹೋಗುತ್ತದೆ. ಹತ್ತನೆಯ ತಲೆಮಾರಿನ ಪೂರ್ವಜರಲ್ಲಿ ಸುಮಾರು ಅರ್ಧದಷ್ಟು ಜನರಿಂದ ನಮ್ಮ ಕೋಶದಲ್ಲಿ ಒಂದು ತುಣುಕೂ ಉಳಿದಿರುವುದಿಲ್ಲ. ಅವರಿಲ್ಲದಿದ್ದರೆ ನಾವು ಹುಟ್ಟುತ್ತಿರಲಿಲ್ಲ. ಆದರೂ ನಮ್ಮ ಲಿಪಿಯಲ್ಲಿ ಅವರ ಗುರುತಿಲ್ಲ.

ದ್ವಿಗುಣದ ಈ ಲೆಕ್ಕವು ನಮ್ಮ ಸೀಮೆಯಲ್ಲಿ ಬಹುಬೇಗ ಮುರಿದುಬೀಳುತ್ತದೆ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಅತ್ತೆಯ ಮಗನಿಗೆ ಕೊಡುವುದು ಇಲ್ಲಿಯ ಹಳೆಯ ಪದ್ಧತಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ಮೂರರಲ್ಲೊಂದಕ್ಕೆ ಹತ್ತಿರದಷ್ಟು ವಿವಾಹಗಳು ರಕ್ತಸಂಬಂಧಿಗಳೊಳಗೆ ನಡೆದುವೆಂದು ಕಂಡುಬಂದಿತು. ಸೋದರಮಾವನನ್ನು ಮದುವೆಯಾದವಳ ಮಗುವಿಗೆ ಮೂರು ತಲೆಮಾರುಗಳಲ್ಲಿ ಇರಬೇಕಾದ 14 ಪೂರ್ವಜರ ಬದಲು 12 ಜನರೇ ಇರುತ್ತಾರೆ. ತಂದೆಯ ತಂದೆತಾಯಿಗಳೇ ತಾಯಿಯ ಅಜ್ಜ ಅಜ್ಜಿಯರೂ ಆಗುವರಷ್ಟೆ. ಪರದೇಶದ ಸಂಸ್ಥೆಗಳು ತಂದೆತಾಯಿಗಳಿಗೆ ಪರಸ್ಪರ ಸಂಬಂಧವಿಲ್ಲವೆಂದು ಭಾವಿಸಿ ಲೆಕ್ಕ ಹಾಕುವುದರಿಂದ, ಇಂಥ ಮನೆತನಗಳಲ್ಲಿ ದೂರದ ದಾಯಾದಿಯನ್ನು ಹತ್ತಿರದವನೆಂದು ಹೇಳಿಬಿಡುವುದುಂಟು.

ಲೆಕ್ಕ ತಪ್ಪುವುದಕ್ಕಿಂತ ಗಂಭೀರವಾದ ಸಂಗತಿ ಆರೋಗ್ಯದ್ದು. ಮಾವ ಸೊಸೆಯರ ಮಗುವಿನಲ್ಲಿ ಲಿಪಿಯ ಯಾವುದೇ ಸ್ಥಾನದ ಎರಡು ಪ್ರತಿಗಳೂ ಒಬ್ಬನೇ ಪೂರ್ವಜನ ಒಂದೇ ಪ್ರತಿಯಿಂದ ಬಂದಿರುವ ಸಂಭವ ಎಂಟರಲ್ಲೊಂದು. ಆ ಪ್ರತಿಯಲ್ಲಿ ದೋಷವಿದ್ದರೆ ಅಡಗಿದ್ದ ರೋಗವು ಮಗುವಿನಲ್ಲಿ ಹೊರಬೀಳುತ್ತದೆ. ಹತ್ತಿರದ ಸಂಬಂಧವನ್ನು ತಪ್ಪಿಸಿದರೂ ಒಳಪಂಗಡದಲ್ಲಿಯೇ ಮದುವೆಯಾಗುವವರಿಗೆ ಇದು ಪೂರ್ತಿ ತಪ್ಪದು. ದಕ್ಷಿಣ ಏಷ್ಯದ 260ಕ್ಕೂ ಹೆಚ್ಚು ಸಮುದಾಯಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅವುಗಳಲ್ಲಿ 81 ಸಮುದಾಯಗಳು ಕೆಲವೇ ಮೂಲಪುರುಷ ಸ್ತ್ರೀಯರಿಂದ ಬೆಳೆದುವೆಂಬುದಕ್ಕೆ ಬಲವಾದ ಗುರುತನ್ನು ತೋರಿಸಿತು. ವೈಶ್ಯ ಸಮುದಾಯದಲ್ಲಿ ಕೆಲವರಿಗೆ ಶಸ್ತ್ರಕ್ರಿಯೆಯಲ್ಲಿ ಸ್ನಾಯುಗಳನ್ನು ಸಡಿಲಿಸಲು ಕೊಡುವ ಔಷಧದ ಪರಿಣಾಮವು ಬೇಗ ಇಳಿಯದೆ ಅಪಾಯವಾಗುವುದು ಇಂಥದೇ ಕಾರಣದಿಂದ. ತನ್ನ ಮನೆತನದಲ್ಲಿ ಎಳೆಯ ವಯಸ್ಸಿನಲ್ಲಿ ತೀರಿಕೊಂಡವರು ಯಾರು, ಕಿವುಡು ಕುರುಡುಗಳಿಂದ ಬಳಲಿದವರು ಯಾರು ಎಂಬುದನ್ನು ವಂಶವೃಕ್ಷದಲ್ಲಿ ಗುರುತಿಸಿಕೊಂಡವನು ವೈದ್ಯನಿಗೆ ಬಹಳ ಉಪಕಾರ ಮಾಡಿದಂತೆ.

ಪರೀಕ್ಷೆಯ ವರದಿಯಲ್ಲಿ ಬರುವ ‘ದಕ್ಷಿಣ ಭಾರತ ಇಷ್ಟು ಪಾಲು, ಮಧ್ಯ ಏಷ್ಯ ಇಷ್ಟು ಪಾಲು’ ಎಂಬ ಶೇಕಡಾ ಲೆಕ್ಕಕ್ಕೆ ಬಹುಮಂದಿ ಮರುಳಾಗುತ್ತಾರೆ. ಈ ಅಂಕಿಗಳು ಸಂಸ್ಥೆಯು ತನ್ನಲ್ಲಿಟ್ಟುಕೊಂಡ ಮಾದರಿ ಜನರೊಡನೆ ಮಾಡಿದ ಹೋಲಿಕೆ ಮಾತ್ರ. ಮಾದರಿಗಳನ್ನು ಬದಲಿಸಿದರೆ ಅಂಕಿಗಳೂ ಬದಲಾಗುತ್ತವೆ. ಹಾನಗಲ್ಲಿನವನೋ ಹಿರೇಕೆರೂರಿನವನೋ ಎಂದು ಅವು ಬೇರ್ಪಡಿಸಲಾರವು. ಜಾತಿಯ ಹಿರಿಮೆಯನ್ನು ಅವುಗಳಿಂದ ಸ್ಥಾಪಿಸಹೊರಡುವುದಂತೂ ಹಾಸ್ಯಾಸ್ಪದ. ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಅಮೆರಿಕದವರೊಡನೆ ಸೇರಿ 2013ರಲ್ಲಿ ತೋರಿಸಿದಂತೆ, ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಭಾರತದ ಜನವರ್ಗಗಳು ಧಾರಾಳವಾಗಿ ಬೆರೆತುವು. ಒಳಪಂಗಡದ ಮದುವೆಯ ಕಟ್ಟು ಬಿಗಿಯಾದುದು ಅನಂತರ. ಭಾರತದ ಮಾದರಿಗಳ ಕೊರತೆಯಾದರೋ ಈಗ ತುಂಬತೊಡಗಿದೆ. ‘ಜೀನೋಮ್ ಇಂಡಿಯ’ ಯೋಜನೆಯಲ್ಲಿ 10,000 ಭಾರತೀಯರ ಸಂಪೂರ್ಣ ಲಿಪಿಯನ್ನು ಓದಿ 2025ರ ಜನವರಿಯಲ್ಲಿ ಸಂಶೋಧಕರಿಗೆ ಒದಗಿಸಲಾಯಿತು.

ಬರಹವಿಲ್ಲದಲ್ಲಿ ಡಿ.ಎನ್.ಎ. ಒಂದೇ ಮಾತನಾಡಬಲ್ಲದೆಂಬುದಕ್ಕೆ ಸವಣೂರಿನ ದೊಡ್ಡಹುಣಸೆ ಮರಗಳು ನೆನಪಾಗುತ್ತವೆ. ಹೆಸರು ಹುಣಸೆಯಾದರೂ ಅವು ಆಫ್ರಿಕ ಮೂಲದ ಬಾವೊಬಾಬ್ ವೃಕ್ಷಗಳು. ಭಾರತದ ಹಲವೆಡೆಯ ಬಾವೊಬಾಬ್‌ಗಳ ಡಿ.ಎನ್.ಎ.ಯನ್ನು ಹೋಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವು ಅವು ಆಫ್ರಿಕ ಖಂಡದಿಂದ ಒಮ್ಮೆಯಲ್ಲ, ಹಲವು ಬಾರಿ ಕಡಲು ದಾಟಿ ಬಂದುವೆಂದು ತಿಳಿಸಿತು. ಕಡಲು ದಾಟಿ ಬಂದ ಮನುಷ್ಯರೂ ಇಲ್ಲಿಗೆ ದೂರವಿಲ್ಲ. ಹಾನಗಲ್ಲು, ಶಿಗ್ಗಾಂವಿಗಳಿಗೆ ತಗುಲಿದ ಮುಂಡಗೋಡದಲ್ಲಿಯೂ ಅದರಾಚೆಯ ಯಲ್ಲಾಪುರ, ಹಳಿಯಾಳಗಳಲ್ಲಿಯೂ ಸಿದ್ದಿಗಳಿದ್ದಾರೆ. ಅವರಲ್ಲಿ ಅನೇಕರ ಪೂರ್ವಜರನ್ನು ಪೋರ್ತುಗೀಜರೂ ಇತರರೂ ಗುಲಾಮರನ್ನಾಗಿ ತಂದರು. ಗುಲಾಮನ ವಂಶಾವಳಿಯನ್ನು ಬರೆದಿಡುವವರು ಯಾರು? 2011ರಲ್ಲಿ ಪ್ರಕಟವಾದ ಡಿ.ಎನ್.ಎ. ಅಧ್ಯಯನವು ಸಿದ್ದಿಗಳ ಪೂರ್ವಜರ ದೊಡ್ಡ ಪಾಲು ಬಾಂಟು ನುಡಿಗಳನ್ನಾಡುವ ಆಫ್ರಿಕದ ಜನರಿಗೆ ಸೇರಿದುದೆಂದೂ, ಇಲ್ಲಿಯವರೊಡನೆ ಬೆರೆತುದು ಸುಮಾರು 200 ವರ್ಷಗಳ, ಎಂದರೆ ಎಂಟು ತಲೆಮಾರುಗಳ ಹಿಂದೆ ಎಂದೂ ತೋರಿಸಿತು. ಅವರ ಹೆಸರನ್ನೂ ಊರನ್ನೂ ಮಾತ್ರ ಯಾವ ಯಂತ್ರವೂ ಮರಳಿ ಕೊಡಲಾರದು.

ಹೆಸರಿಲ್ಲದೆ ಉಳಿದವರು ಅವರಷ್ಟೇ ಅಲ್ಲ, ನಮ್ಮ ನಮ್ಮ ಮನೆಗಳಲ್ಲಿಯೂ ಇದ್ದಾರೆ. ಹೆಳವನ ಹೊತ್ತಗೆಯೂ ವತನದ ವಂಶಾವಳಿಯೂ ಸಾಗುವುದು ತಂದೆಯಿಂದ ಮಗನಿಗೆ. ಸೊಸೆಯಾಗಿ ಬಂದವಳ ತವರಿನ ಹೆಸರು ಕಂಡರೆ ಕಂಡಿತು, ಅವಳ ತಾಯಿಯ ತಾಯಿ ಯಾರೆಂಬುದು ಅಲ್ಲಿರದು. ಮದುವೆಯಲ್ಲಿ ಹೆಣ್ಣಿನ ಹೆಸರನ್ನೇ ಬದಲಿಸಿದ ಮನೆಗಳೂ ಉಂಟು. ಆ ಅಜ್ಜಿಯ ಅಜ್ಜಿಯ ಮೈಟೊಕಾಂಡ್ರಿಯವು ಬಹುಮಟ್ಟಿಗೆ ಒಂದಕ್ಷರವೂ ಕೆಡದೆ ಇಂದಿನ ವಿದ್ಯಾರ್ಥಿಯ ಕೋಶಗಳಲ್ಲಿ ಇದೆ. ಅವಳ ಹೆಸರು ಎಂಬತ್ತು ದಾಟಿದ ಯಾರೋ ಒಬ್ಬ ಮುದುಕಿಯ ನೆನಪಿನಲ್ಲಿ ಮಾತ್ರ ಇದೆ.

ಎಂಜಲ ಪರೀಕ್ಷೆಗೆ ಅವಸರವಿಲ್ಲ. ಅದಕ್ಕೆ ಮೊದಲು ಯೋಚಿಸಬೇಕಾದ ಸಂಗತಿಗಳೂ ಇವೆ. ಮನೆಯವರು ಮುಚ್ಚಿಟ್ಟ ದತ್ತಕವೋ ಬೇರೊಂದು ಸಂಬಂಧವೋ ಅದರಿಂದ ಬಯಲಾದೀತು. ಒಬ್ಬನು ಕೊಟ್ಟ ಲಿಪಿಯಲ್ಲಿ ಅವನ ಅಣ್ಣತಮ್ಮಂದಿರ, ಅಕ್ಕತಂಗಿಯರ ಲಿಪಿಯ ಅರ್ಧದಷ್ಟು ಅವರ ಒಪ್ಪಿಗೆಯಿಲ್ಲದೆಯೇ ಹೋಗಿಬಿಡುತ್ತದೆ. ಅಮೆರಿಕದ ‘ಟ್ವೆಂಟಿತ್ರೀ ಆ್ಯಂಡ್ ಮಿ’ ಸಂಸ್ಥೆಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿಯು ಕಳವಾಯಿತು. 2025ರ ಮಾರ್ಚಿಯಲ್ಲಿ ಅದು ದಿವಾಳಿ ಅರ್ಜಿಯನ್ನು ಹಾಕಿತು.

ಅಜ್ಜಿಯ ಬಳಿ ಕುಳಿತು ಕೇಳುವ ಕೆಲಸವು ಮಾತ್ರ ಕಾಯಲಾರದು. ಒಂದು ದೊಡ್ಡ ಹಾಳೆಯ ಕೆಳತುದಿಯಲ್ಲಿ ತನ್ನ ಹೆಸರನ್ನು ಬರೆದು, ಎಡಕ್ಕೆ ತಂದೆಯ ಕಡೆಯವರನ್ನೂ ಬಲಕ್ಕೆ ತಾಯಿಯ ಕಡೆಯವರನ್ನೂ ಮೇಲೆ ಮೇಲೆ ತುಂಬುತ್ತ ಹೋಗಬೇಕು. ಹುಟ್ಟಿದ ವರ್ಷ ನೆನಪಿಲ್ಲವೆಂದರೆ ಯಾವ ಬರಗಾಲದ, ಯಾವ ಮಳೆಯ ಹೊತ್ತಿಗೆ ಎಂದು ಕೇಳಬೇಕು. ಹೆಣ್ಣುಮಕ್ಕಳ ತವರೂರನ್ನೂ ಮದುವೆಗೆ ಮುಂಚಿನ ಹೆಸರನ್ನೂ ತಪ್ಪದೆ ಬರೆಯಬೇಕು. ಹೆಳವನು ಮುಂದಿನ ಸಲ ಬಾಗಿಲಿಗೆ ಬಂದಾಗ ಅವನ ಪುಟದೊಡನೆ ಎಡಭಾಗವನ್ನು ಹೋಲಿಸಿ ನೋಡಬಹುದು. ಬಲಭಾಗವನ್ನು ಅವನಿಗೆ ಓದಿ ಹೇಳಿ, ಒಪ್ಪಿದರೆ ಅವನ ಹೊತ್ತಗೆಯಲ್ಲಿಯೇ ಬರೆಯಿಸಬಹುದು.