ಬಸರಿ ಹಣ್ಣಾಗುವ ಹೊತ್ತಿಗೆ

ಊಟದ ಮೇಜಿನ ಮೇಲೆ ನಕ್ಷೆ ಹಾಸಿದ್ದೇವೆ. ಮೂಲೆ ಸುರುಳಿ ಸುತ್ತದಂತೆ ಒಂದು ಕಡೆ ಉಪ್ಪಿನಕಾಯಿ ಭರಣಿ, ಇನ್ನೊಂದು ಕಡೆ ದುರ್ಬೀನು. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆ ಬಂದು ಕೂಡುವಲ್ಲಿ ಅಂಗೈಯಗಲದ ಹಸಿರು. ಅದೇ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸುಮಾರು 600 ಚದರ ಕಿಲೋಮೀಟರ್. ಹತ್ತು ವರ್ಷದ ಮಗ ಅದರ ಮೇಲೆ ಮೊಣಕೈ ಊರಿಕೊಂಡು ಪಟ್ಟಿ ಬರೆಯುತ್ತಿದ್ದಾನೆ: ಹುಲಿ, ಕಾಟಿ, ಸಿಂಗಳೀಕ, ಮಂಗಟ್ಟೆ, ಕಾಳಿಂಗ ಸರ್ಪ, ಹಾರುವ ಓತಿ. ಪಕ್ಕದಲ್ಲಿ ನನ್ನ ಪಟ್ಟಿ: ಹನುಮನ ಗುಂಡಿ, ಲಕ್ಯಾ ಅಣೆಕಟ್ಟೆ, ಕುರಿಂಜಾಲು ಬೆಟ್ಟ, ಹೊರನಾಡು, ಸಮಯ ಸಿಕ್ಕರೆ ಆಗುಂಬೆ. ಇರುವುದು ಎರಡು ರಾತ್ರಿ, ಮೂರು ಹಗಲು.

ಕಳಸದ ಭಾವನಿಗೆ ಫೋನ್ ಮಾಡಿ ಇಷ್ಟನ್ನೂ ಓದಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ಎಂತ ಮಾರಾಯ್ತಿ, ನೀನು ಕಾಡು ನೋಡ್ಲಿಕ್ಕೆ ಬರ್ತೀಯೋ, ರಸ್ತೆ ನೋಡ್ಲಿಕ್ಕೆ ಬರ್ತೀಯೋ?"

"ಹಾಗಲ್ಲ ಭಾವ, ಇವನಿಗೆ ಎಲ್ಲ ತೋರಿಸಬೇಕು ಅಂತ..."

"ಎಲ್ಲ ತೋರಿಸ್ತೇನೆ ಅಂತ ಹೊರಟವರು ಒಂದೂ ನೋಡದೆ ಹೋಗಿದ್ದು ನಾನು ಬೇಕಾದಷ್ಟು ಕಂಡಿದ್ದೇನೆ. ನಮ್ಮ ತೋಟದ ಬೇಲಿಯಾಚೆ ಒಂದು ಬಸರಿ ಮರ ಕಾಯಿ ಕಚ್ಚಿದೆ. ಅದು ಹಣ್ಣಾಗುವಾಗ ನಾನೇ ಹೇಳ್ತೇನೆ. ಆಗ ಬಾ."

ಫೋನಿಟ್ಟ ಮೇಲೆ ನಾನು ನಕ್ಷೆಯನ್ನು ಬೇರೆ ರೀತಿ ನೋಡತೊಡಗಿದೆ.

ಬಂಡೀಪುರ, ನಾಗರಹೊಳೆ ನೋಡಿ ರೂಢಿಯಾದ ಕಣ್ಣಿಗೆ ಕಾಡೆಂದರೆ ಜೀಪು, ಕೆರೆಯ ದಂಡೆ, ಬಯಲಿನಲ್ಲಿ ಮೇಯುವ ಜಿಂಕೆ ಹಿಂಡು. ಅಲ್ಲಿ ಬೇಸಿಗೆಗೆ ಎಲೆ ಉದುರಿ ಕಾಡು ತಾನಾಗಿ ತೆರೆದುಕೊಳ್ಳುತ್ತದೆ. ಮಳೆಕಾಡು ಹಾಗಲ್ಲ, ಯಾವ ತಿಂಗಳಲ್ಲೂ ಕದ ತೆರೆಯುವುದಿಲ್ಲ. ಬಲಗಿ, ಧೂಪ, ನಾಗಸಂಪಿಗೆ, ಸುರಹೊನ್ನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತು ಮೇಲೆ ಸೂರು ಕಟ್ಟಿಬಿಟ್ಟಿವೆ. ನೆಲಕ್ಕೆ ಬೀಳುವ ಬಿಸಿಲು ಹಳೆಯ ಹೆಂಚಿನ ಮನೆಯ ಬೆಳಕಿಂಡಿಯಿಂದ ಬೀಳುವಷ್ಟು. ಇಲ್ಲಿ ಸಂಸಾರ ನಡೆಯುವುದು ನಡುಮನೆಯಲ್ಲಲ್ಲ, ನೂರಡಿ ಮೇಲಿನ ಅಟ್ಟದಲ್ಲಿ. ಕೆಳಗೆ ನಿಂತವರಿಗೆ ಸಿಗುವುದು ಅಟ್ಟದಿಂದ ಉದುರಿದ್ದು: ಅರ್ಧ ತಿಂದ ಹಣ್ಣು, ಒಂದು ಗರಿ, ಒಂದು ಕೂಗು. ಅಲ್ಲಿ ನಡೆದಷ್ಟೂ ಕಾಣುವುದು ಕಡಿಮೆ, ಕೂತಷ್ಟೂ ಹೆಚ್ಚು. ಆದ್ದರಿಂದ ಪ್ರವಾಸದ ಯೋಜನೆಯೆಂದರೆ ಎಲ್ಲಿ ಕೂರಬೇಕು, ಯಾವಾಗ ಕೂರಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳುವುದೇ.

ಭಾವ ಬಸರಿ ಮರವನ್ನೇ ಹಿಡಿದದ್ದಕ್ಕೆ ಕಾರಣವಿದೆ. ಕಾಡಿನ ಹೆಚ್ಚಿನ ಮರಗಳು ತಮ್ಮ ತಮ್ಮ ಕಾಲಕ್ಕೆ ಹಣ್ಣು ಬಿಟ್ಟು ಸುಮ್ಮನಾಗುತ್ತವೆ. ಅತ್ತಿ, ಬಸರಿ, ಗೋಳಿಗಳ ರೀತಿಯೇ ಬೇರೆ. ಒಂದು ಮರದ ಹಣ್ಣು ಮುಗಿಯುವ ಹೊತ್ತಿಗೆ ಗುಡ್ಡದಾಚೆಯ ಇನ್ನೊಂದು ಕಾಯಿ ಕಚ್ಚಿರುತ್ತದೆ. ಈ ಕಾಯಿಗಳೊಳಗೇ ಹುಟ್ಟಿ ಬೆಳೆಯುವ, ಸಾಸಿವೆ ಕಾಳಿನಷ್ಟಿರುವ ಕಣಜಕ್ಕೆ ಮೊಟ್ಟೆಯಿಡಲು ವರ್ಷವಿಡೀ ಎಲ್ಲಾದರೊಂದು ಕಡೆ ಎಳೆಗಾಯಿ ಬೇಕು. ಪರಾಗಸ್ಪರ್ಶಕ್ಕೆ ಮರಕ್ಕೂ ಆ ಕಣಜವೇ ಬೇಕು. ಈ ಇಬ್ಬರ ಒಪ್ಪಂದದಲ್ಲಿ ಉಳಿದವರೆಲ್ಲರ ಹೊಟ್ಟೆ ತುಂಬುತ್ತದೆ. ಬೇರೆ ಹಣ್ಣಿಲ್ಲದ ದಿನಗಳಲ್ಲಿ ಮಂಗಟ್ಟೆ, ಕುಟುರ, ಕಾಡು ಪಾರಿವಾಳ, ಕೆಂಜಳಿಲು, ಮುಸುವ ಎಲ್ಲರೂ ಹುಡುಕಿಕೊಂಡು ಬರುವ ಅನ್ನಛತ್ರ ಅದು. ಹಣ್ಣಾದ ಬಸರಿಯ ಕೆಳಗೆ ಒಂದು ಬೆಳಗು ಕೂತರೆ ಗುಡ್ಡದ ಕಾಡೆಲ್ಲ ನಿಮ್ಮ ತಲೆಯ ಮೇಲೆ ಹಾದುಹೋಗುತ್ತದೆ.

ಐದು ವರ್ಷದ ಹಿಂದೆ ಇದೇ ಕಾಡಿಗೆ ಹೋದಾಗ ನನಗೆ ಇದು ಗೊತ್ತಿರಲಿಲ್ಲ. ಎರಡು ದಿನದಲ್ಲಿ ಆರು ಜಾಗ ಸುತ್ತಿದೆ. ಆರೂ ಕಡೆ ತೆಗೆದ ಫೋಟೋಗಳಿವೆ, ಆರರಲ್ಲಿ ಒಂದರ ನೆನಪೂ ಮೈಗೆ ಹತ್ತಿಲ್ಲ. ನೆನಪಿರುವುದು ಕೆರೆಕಟ್ಟೆಯ ದಾರಿಯಲ್ಲಿ ಗಾಡಿಯ ಚಕ್ರ ಪಂಕ್ಚರ್ ಆಗಿ ಮುಕ್ಕಾಲು ಗಂಟೆ ನಿಂತದ್ದು ಮಾತ್ರ. ಮೊದಲು ಕೇಳಿದ್ದು ಟಪ್ ಟಪ್ ಎಂದು ಏನೋ ಬೀಳುವ ಸದ್ದು. ಕತ್ತೆತ್ತಿದರೆ ಹಸಿರು ಬಿಟ್ಟು ಏನೂ ಇಲ್ಲ. ಹತ್ತು ನಿಮಿಷ ಕಳೆದ ಮೇಲೆ ಕೊಂಬೆಯ ಕಪ್ಪೊಂದು ಕದಲಿತು. ಕರಿ ಮೈ, ಮುಖದ ಸುತ್ತ ಬೂದು ಬೆಳ್ಳಿ ಬಣ್ಣದ ಕೇಸರ, ಬಾಲದ ತುದಿಗೊಂದು ಕುಚ್ಚು. ಸಿಂಗಳೀಕ! ಅದು ನನ್ನನ್ನು ನೋಡಲಿಲ್ಲ. ಸುರುಟಿದ ಒಣ ಎಲೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ಅಜ್ಜಿ ಕವಳದ ಎಲೆ ಬಿಡಿಸಿದಷ್ಟು ನಿಧಾನವಾಗಿ ಬಿಡಿಸಿತು. ಒಳಗಿದ್ದ ಹುಳುವನ್ನು ಎತ್ತಿ ಬಾಯಿಗಿಟ್ಟುಕೊಂಡು, ಎಲೆಯನ್ನು ಕೈಬಿಟ್ಟಿತು. ಎಲೆ ಸುತ್ತುತ್ತ ಸುತ್ತುತ್ತ ನನ್ನ ಕಾಲ ಬಳಿ ಬಂದು ಬಿತ್ತು. ಆ ಎಲೆ ಈಗಲೂ ನನ್ನ ಡೈರಿಯಲ್ಲಿದೆ.

ಪಶ್ಚಿಮ ಘಟ್ಟ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲದ ಪ್ರಾಣಿ ಅದು. ಕಾಡಿನಲ್ಲಿ ಉಳಿದಿರುವುದು 4000ಕ್ಕೂ ಕಡಿಮೆ ಎಂಬ ಅಂದಾಜಿದೆ. ಹೆಚ್ಚುಕಡಿಮೆ ಬದುಕೆಲ್ಲ ಮರದ ಮೇಲೆಯೇ. ಸೂರು ಹರಿದಲ್ಲಿ, ಅಂದರೆ ಅಗಲ ರಸ್ತೆ ಹಾದುಹೋದಲ್ಲಿ, ಅದು ನೆಲಕ್ಕಿಳಿಯಬೇಕು. ನೆಲದಲ್ಲಿ ಅದಕ್ಕೆ ಚಕ್ರದ ಭಯ. ಘಟ್ಟದ ತಿರುವುಗಳಲ್ಲಿ ಗಾಡಿ ನಿಲ್ಲಿಸಿ ಚಿಪ್ಸು, ಬಾಳೆಹಣ್ಣು ಎಸೆಯುವವರು ಅದನ್ನು ಕರೆಯುವುದು ಆ ಚಕ್ರದ ಬಾಯಿಗೇ. ಮಗನಿಗೆ ಮೊದಲೇ ಹೇಳಿದ್ದೇನೆ, ಕಿಟಕಿಯಿಂದ ಒಂದು ಕಡಲೆಕಾಯಿಯೂ ಹೊರಗೆ ಹೋಗುವ ಹಾಗಿಲ್ಲ.

ಈ ಕಾಡು ಉಳಿದಿರುವುದರಲ್ಲಿ ಸಿಂಗಳೀಕದ ಪಾಲೂ ಇದೆ. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಈ ಭಾಗದಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿ, ಇಲ್ಲಿನ ಮಳೆಕಾಡಿಗೆ ರಕ್ಷಣೆ ಬೇಕೆಂದರು. 1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಆದರೆ ಅದರ ನಡುವೆಯೇ ಕಬ್ಬಿಣದ ಅದಿರಿನ ಗಣಿ ಮುಂದುವರಿದಿತ್ತು. ಅದಿರಿನ ರಾಡಿ ಕೊಳವೆಯಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು, ಉಳಿದ ಕೆಸರು ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬುತ್ತಿತ್ತು. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿಯುತ್ತಿದ್ದುದನ್ನು ಭಾವ ಇವತ್ತಿಗೂ ಹೇಳುತ್ತಾರೆ. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಲಕ್ಯಾವನ್ನು ನನ್ನ ಪಟ್ಟಿಯಿಂದ ಹೊಡೆದುಹಾಕಿದ್ದೇನೆ. ಆದರೂ ಗಣಿಯ ಊರಿನ ಪಕ್ಕ ಹಾದುಹೋಗುವಾಗ, ಖಾಲಿ ಬಿದ್ದ ಮನೆಗಳ ಸಾಲಿನ ಎದುರು ಐದು ನಿಮಿಷ ನಿಂತು ಈ ಕಥೆಯನ್ನು ಮಗನಿಗೆ ಹೇಳುವುದಿದೆ.

ತಿಂಗಳು ಯಾವುದು? ಮಳೆಗಾಲ ಬೇಡ ಎಂದರು ಭಾವ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ಈ ಗುಡ್ಡಗಳನ್ನೂ ಬಿಡುವುದಿಲ್ಲ. ಆಗ ಎದುರಿಗಿರುವ ಮರವೂ ಮಂಜಿನಲ್ಲಿ ಕಾಣದು, ಕಾಲಿಗೆ ಉಂಬಳದ ಸರ. ಬೇಸಿಗೆಯಲ್ಲಿ ಹುಲ್ಲುಗಾವಲಿಗೆ ಬೆಂಕಿಯ ಭಯ, ಚಾರಣ ನಿಲ್ಲಿಸುತ್ತಾರೆ. ನವೆಂಬರ್ ಕೊನೆಯೇ ಸರಿ. ಮಳೆ ಬಿಟ್ಟಿರುತ್ತದೆ, ಹಳ್ಳ ಬತ್ತಿರುವುದಿಲ್ಲ. ಶೋಲಾ ಕಾಡಿನ ಮಡಿಕೆಗಳ ನಡುವೆ ಹುಲ್ಲು ಹಸಿರಿನಿಂದ ಹೊಂಬಣ್ಣಕ್ಕೆ ತಿರುಗುತ್ತಿರುತ್ತದೆ. ಸಂಜೆಯಾದರೆ ಕಡವೆ, ಕಾಟಿ ಅಂಚಿಗೆ ಬರುತ್ತವೆ.

ಇನ್ನೊಂದು ಆಸೆಯೂ ಇದೆ, ಅದು ಹಳ್ಳದ ದಂಡೆಯದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಸಿ. ಆರ್. ನಾರಾಯಣ ರಾವ್ 1937ರಲ್ಲಿ ಒಂದು ಪುಟ್ಟ ಕಪ್ಪೆಯನ್ನು ಲೋಕಕ್ಕೆ ಪರಿಚಯಿಸಿ, ಅದಕ್ಕೆ ಕೊಟ್ಟಿಗೆಹಾರದ ಹೆಸರಿಟ್ಟರು. ನಾವು ಮೂಡಿಗೆರೆ ದಾಟಿ ನೀರುದೋಸೆ ತಿನ್ನಲು ನಿಲ್ಲುವ ಅದೇ ಕೊಟ್ಟಿಗೆಹಾರ. ಒಂದು ಅಂಗುಲದ ಆ ಗಂಡು ಕಪ್ಪೆ ಭೋರಿಡುವ ನೀರಿನ ನಡುವೆ ಒದ್ದೆ ಕಲ್ಲಿನ ಮೇಲೆ ಕೂತು ಕೂಗುತ್ತದೆ. ಹಳ್ಳದ ಅಬ್ಬರದಲ್ಲಿ ಕೂಗು ದೂರ ಮುಟ್ಟದು. ಆಗ ಅದು ಹಿಂಗಾಲೊಂದನ್ನು ನಿಧಾನವಾಗಿ ಹಿಂದಕ್ಕೆ ಚಾಚಿ, ಬೆರಳು ಬಿಡಿಸಿ, ಜಾಲಪಾದದ ಬಿಳುಪನ್ನು ಬಾವುಟದಂತೆ ಬೀಸಿ ಮತ್ತೆ ಮಡಿಚಿಕೊಳ್ಳುತ್ತದೆ. ಇದು ನನ್ನ ಜಾಗ, ಇತ್ತ ಬರಬೇಡ ಎಂದು ಇನ್ನೊಂದು ಗಂಡಿಗೆ ಹೇಳುವ ರೀತಿ. ಮಳೆಗಾಲ ಮುಗಿದು ಹಳ್ಳ ಇನ್ನೂ ತುಂಬಿ ಹರಿಯುವ ಈ ದಿನಗಳೇ ಅದರ ಕುಣಿತದ ಕಾಲ. ಹುಲಿಗೆಂದು ಬರೆದ ಸಾಲಿನ ಪಕ್ಕ ಮಗ ತಾನೇ ಸಣ್ಣದಾಗಿ 'ಕುಣಿಯುವ ಕಪ್ಪೆ' ಎಂದು ಸೇರಿಸಿದ. ಆಮೇಲೆ ಬಹಳ ಹೊತ್ತು ಮೇಜಿನ ಅಂಚಿನಲ್ಲಿ ಎರಡು ಬೆರಳಿನಿಂದ ಆ ಕಾಲು ಬೀಸಿ ನೋಡುತ್ತಿದ್ದ.

ಕುರಿಂಜಾಲು ಹತ್ತುವುದನ್ನು ಬಿಟ್ಟೆವು. ಹತ್ತುವವರು ಅರಣ್ಯ ಇಲಾಖೆಯ ತಾಣದಲ್ಲಿ ಮುಂಗಡ ಟಿಕೆಟ್ ಮಾಡಿಸಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ಇದ್ದದ್ದು ಒಳ್ಳೆಯದೇ, ಕಾಲ್ದಾರಿಗಳು ಸವೆದುಹೋಗಿವೆ. ನಮ್ಮ ಗಾಡಿಗೆ ಚೆಕ್‌ಪೋಸ್ಟಿನಲ್ಲಿ ಸಂಖ್ಯೆ ಬರೆಸಿದರೆ ಸಾಕು. ಒಂದು ಬೆಳಗು ಬಸರಿಯ ಕೆಳಗೆ, ಒಂದು ಬೆಳಗು ಕೆರೆಕಟ್ಟೆಯ ದಾರಿಯಲ್ಲಿ, ಒಂದು ಸಂಜೆ ಭಾವನ ತೋಟದಂಚಿನ ಹಳ್ಳದಲ್ಲಿ. ಹೊರನಾಡಿನ ಊಟ ಮಾತ್ರ ಬಿಡಲಾರೆ.

ಚೀಲದಲ್ಲಿ ಹೆಚ್ಚೇನಿಲ್ಲ. 8×42ರ ದುರ್ಬೀನು, ಮಳೆಕಾಡಿನ ನಸುಗತ್ತಲಲ್ಲಿ ದೂರ ತೋರಿಸುವುದಕ್ಕಿಂತ ಬೆಳಕು ಹಿಡಿಯುವ ದೊಡ್ಡ ಗಾಜು ಮುಖ್ಯ. ಮಣ್ಣು ಬಣ್ಣದ ಬಟ್ಟೆ, ಉಂಬಳಕ್ಕೆ ಉದ್ದ ಕಾಲುಚೀಲ, ಒಂದು ಪೊಟ್ಟಣ ಸುಣ್ಣ ಮತ್ತು ಹೊಗೆಸೊಪ್ಪು. ಉಂಬಳ ಬಿಟ್ಟ ಗಾಯದಲ್ಲಿ ರಕ್ತ ಹೆಪ್ಪುಗಟ್ಟದೆ ಸ್ವಲ್ಪ ಹೊತ್ತು ಹರಿಯುತ್ತದೆ, ಅದರ ಜೊಲ್ಲಿನ ಗುಣ ಅದು, ಹೆದರಬೇಡ ಎಂದು ಮಗನಿಗೆ ವಿವರಿಸಿದೆ. ರೇನ್‌ಕೋಟ್ ತೆಗೆದಿಟ್ಟು ಕೊಡೆ ಹಾಕಿಕೊಂಡೆವು. ರೇನ್‌ಕೋಟಿನ ಸರಬರ ಸದ್ದಿಗೆ ಅರ್ಧ ಕಾಡು ಎದ್ದುಹೋಗುತ್ತದೆ.

ನವೆಂಬರಿನ ಮೂರನೇ ವಾರ, ಗುರುವಾರ ಬೆಳಿಗ್ಗೆ ಆರೂವರೆಗೆ ಫೋನ್ ಬಂತು. ಸಿಗ್ನಲ್ ಸಿಗಲೆಂದು ಭಾವ ಗುಡ್ಡ ಹತ್ತಿದ್ದರು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಮರ ಕೆಂಪಾಗಿದೆ. ಮಾತಾಡಬೇಡಿ, ಕೇಳಿ."

ಅವರು ಫೋನನ್ನು ಮರದ ಕಡೆ ಹಿಡಿದಿರಬೇಕು. ಮಗ ನನ್ನ ಕೈಗೆ ಕಿವಿ ಹಚ್ಚಿದ. ಮೊದಲು ಗಾಳಿ. ಆಮೇಲೆ ಒಣ ಎಲೆಗಳ ಮೇಲೆ ಟಪ್ ಟಪ್ ಟಪ್. ಆಮೇಲೆ ಯಾರೋ ಚಾಪೆ ಕೊಡವಿದ ಹಾಗೆ, ಭಾರವಾದ ರೆಕ್ಕೆಗಳ ಸದ್ದು ಹತ್ತಿರ ಬಂದು, ಹತ್ತಿರ ಬಂದು, ನಿಂತಿತು.