ಮುಟ್ಟು ನಿಂತ ಮೇಲೂ ದಾಂಪತ್ಯ

ಬೈರಿದೇವರಕೊಪ್ಪದಲ್ಲಿ ಚಿಗರಿ ಬಸ್ಸು ಹತ್ತಿದರೆ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ ದೂರವೇನಲ್ಲ. ಆದರೆ ಮುಟ್ಟು ನಿಂತ ಮೇಲೆ ಕೂಡುವಾಗ ಉರಿ, ನೋವು ಆಗುತ್ತದೆ ಎಂದು ಹೇಳಿಕೊಳ್ಳಬೇಕಾದ ಹೆಂಗಸಿಗೆ ಆ ದಾರಿ ಬಹಳ ಉದ್ದ. "ವಯಸ್ಸಾತು, ಇನ್ನ ಅದೆಲ್ಲಾ ಯಾಕ ಬೇಕು?" ಎಂಬ ಮಾತು ಅಡ್ಡ ನಿಲ್ಲುತ್ತದೆ. ಲೆಕ್ಕ ನೋಡಿ: ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46ರ ಆಸುಪಾಸು. ಅಲ್ಲಿಂದ ಮುಂದೆ ಸುಮಾರು 30 ವರ್ಷಗಳ ಬದುಕಿದೆ. ಮುಟ್ಟು ನಿಂತು ಈಸ್ಟ್ರೋಜೆನ್ ಹಾರ್ಮೋನು ಇಳಿದಾಗ ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ, ಮೂತ್ರದ ಸೋಂಕು ಮರುಕಳಿಸಬಹುದು. ಮೈ ಬಿಸಿಯೇರುವ ತೊಂದರೆ ಹಲವರಲ್ಲಿ ಕ್ರಮೇಣ ತಗ್ಗುತ್ತದೆ; ಈ ಒಣಗುವಿಕೆ ಹಾಗಲ್ಲ, ಚಿಕಿತ್ಸೆ ಸಿಗದಿದ್ದರೆ ಹೆಚ್ಚುತ್ತಲೇ ಹೋಗಬಹುದು. "ಆಕೀಗೆ ಮನಸ್ಸಿಲ್ಲ" ಎಂದು ಗಂಡ ತಿಳಿದದ್ದು ಎಷ್ಟೋ ಸಲ ನೋವಿನ ಅಂಜಿಕೆ ಅಷ್ಟೇ.

ಈ ಒಣಗುವಿಕೆ ಪ್ರಕೃತಿಸಹಜ, ಔಷಧ ಯಾಕೆ ಎನ್ನುವವರಿದ್ದಾರೆ. ನಲವತ್ತು ದಾಟಿದಾಗ ಹತ್ತಿರದ ಅಕ್ಷರ ಮಸುಕಾಗುವುದೂ ಸಹಜವೇ. ಅದಕ್ಕೆ ಚಾಳೀಸು ಹಾಕಿಕೊಳ್ಳುತ್ತೇವಲ್ಲ! ಇದಕ್ಕೂ ಔಷಧದ ಅಂಗಡಿಯಲ್ಲಿ ತೇವ ಕೊಡುವ ಜೆಲ್ ಇದೆ, ವೈದ್ಯರು ಬರೆದುಕೊಡುವ ಈಸ್ಟ್ರೋಜೆನ್ ಕ್ರೀಮ್ ಇದೆ. ಕಡಿಮೆ ಪ್ರಮಾಣದಲ್ಲಿ ಯೋನಿಗಷ್ಟೇ ಹಚ್ಚುವ ಈ ಕ್ರೀಮ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ಮೊದಲೇ ವೈದ್ಯರಿಗೆ ತಿಳಿಸಬೇಕು. ಆಸೆಯೇ ಇಲ್ಲವೆಂದರೆ? ಅದರಿಂದ ಆಕೆಗೆ ಬೇಸರವಿಲ್ಲದಿದ್ದರೆ ಅದು ರೋಗವಲ್ಲ, ಬೇಡ ಎನ್ನುವ ಹಕ್ಕೂ ಆಕೆಯದೇ. ಬೇಕು ಎನ್ನುವವಳನ್ನು ನಾಚಿಸಿ ಬಾಯಿ ಮುಚ್ಚಿಸುವುದು ಅನ್ಯಾಯ. ಇನ್ನು, ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ, ಅದು ಕೂಡಿದ ಮೇಲೆ ಕಂಡದ್ದಾದರೂ ಸರಿ, ತಡಮಾಡದೆ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು.